ಗಾಣದಲ್ಲಿದ್ದ ಕಬ್ಬು ಯಾರದು

ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷಕ್ಕೆ ಕರೆಂಟು ಹೋಯಿತು. ಆಲೆಮನೆಯಲ್ಲಿ ಕೈಗಡಿಯಾರ ಕಟ್ಟಿದ್ದವನು ನಾನೊಬ್ಬನೇ ಆದ್ದರಿಂದ ಹೊತ್ತಿನ ವಿಷಯದಲ್ಲಿ ಯಾರೂ ನನ್ನ ಮಾತಿಗೆ ಎದುರಾಡಲಿಲ್ಲ. ಮರಳಿ ಬಂದದ್ದು ಮೂರು ಗಂಟೆ ಹದಿನೇಳು ನಿಮಿಷಕ್ಕೆ. ಕೆಡಲು ಶುರುವಾದದ್ದು ಇವೆರಡರಲ್ಲಿ ಯಾವಾಗ ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ. ಒಮ್ಮೊಮ್ಮೆ, ಎರಡೂ ಅಲ್ಲ, ಎರಡೂವರೆಗೇ ಶುರುವಾಗಿತ್ತು, ನಾನು ಬಾಯಿ ಬಿಟ್ಟಾಗ, ಅನ್ನಿಸುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ನಂಜನಗೂಡಿನಲ್ಲಿ ತರ್ಕಶಾಸ್ತ್ರ ಪಾಠ ಹೇಳುತ್ತಿದ್ದೆ. ಸಂಜೆ ರೈಲು ಹತ್ತಿ ಮೈಸೂರಿಗೆ ಹೋಗಿ ಕಾನೂನು ಓದುತ್ತಿದ್ದೆ. ನಮ್ಮದು ದೇವಸ್ಥಾನಕ್ಕೆ ಅಂಟಿಕೊಂಡು ಬಂದ ಮನೆತನ. ಹೆಡತಲೆಯಿಂದಾಚೆ, ನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ನಮಗಿದ್ದ ಗದ್ದೆಗಳು ಭೂಸುಧಾರಣೆಯಲ್ಲಿ ಗೇಣಿದಾರರ ಪಾಲಾಗಿ ಒಂದೂಕಾಲು ಎಕರೆ ಉಳಿದಿತ್ತು. ಅದರಲ್ಲಿ ಕಬ್ಬು ಹಾಕಿದ್ದೆವು. ಅದರ ಕೆಳಗಿನ ಗದ್ದೆ ಒಬ್ಬ ವಿಧವೆಯದು. ಆಕೆಯ ಗಂಡ ನಮ್ಮ ಗೇಣಿದಾರನಾಗಿದ್ದ. ಗದ್ದೆ ಅವನ ಹೆಸರಿಗಾದ ಮರುವರ್ಷವೇ ತೀರಿಕೊಂಡ. ಪಹಣಿಯಲ್ಲಿ ಅದು ಆಕೆಯದು, ಅಪ್ಪನ ಬಾಯಲ್ಲಿ ಇನ್ನೂ "ನಮ್ಮ ಕೆಳಗದ್ದೆ". ದಿನಾ ಇವೆರಡರ ನಡುವೆ ಓಡಾಡುತ್ತಿದ್ದ ನನಗೆ, ನ್ಯಾಯ ಎಂಬುದು ನಿಂತ ಜಾಗದಿಂದ ಕಾಣುವ ನೋಟ ಮಾತ್ರ ಎಂಬ ವಾದ ಬಹಳ ಹಿಡಿಸಿತ್ತು. ಟೀ ಅಂಗಡಿಯಲ್ಲಿ ಅದನ್ನು ಗಂಟೆಗಟ್ಟಲೆ ಹೇಳುತ್ತಿದ್ದೆ. ಒಂದು ಊರಿನ ಅಪರಾಧ ಇನ್ನೊಂದು ಊರಿನಲ್ಲಿ ಅಪರಾಧವಲ್ಲ, ಒಂದು ಕಾನೂನಿನ ಕಾರಣ ಇನ್ನೊಂದಕ್ಕೆ ಕಾಣುವುದೇ ಇಲ್ಲ, ಹೀಗೆ.

ಆ ಹಳ್ಳಿಯ ಆಲೆಮನೆ ಒಬ್ಬನದು, ಕಬ್ಬು ಅನೇಕರದು. ಸರದಿಯ ಮೇಲೆ ಅರೆಯುತ್ತಿದ್ದರು. ಯಾರ ಸರದಿಯೋ ಅಂದು ಅವರೇ ಅಲ್ಲಿನ ಯಜಮಾನರು. ಆಳುಗಳಿಗೆ ಊಟ ಅವರದು, ಒಲೆಗೆ ಮೊದಲ ಕಡ್ಡಿ ಗೀರುವುದು ಅವರು. ಆಳಿಗೆ ಸುಟ್ಟರೆ, ಪೆಟ್ಟಾದರೆ, ಅವನು ಮೊದಲಿನಂತಾಗುವ ತನಕ ಅವನ ಹೊಲಮನೆ ಕೆಲಸ ಮಾಡಿಕೊಡಬೇಕಾದವರೂ ಅವರೇ. ಇದಕ್ಕೆ "ಕೈಯಾಗುವುದು" ಅನ್ನುತ್ತಿದ್ದರು. ಹೋದ ವರ್ಷ ಇಂಥವನು ಇಂಥವನಿಗೆ ಎರಡು ತಿಂಗಳು ಕೈಯಾದ, ಎಂದು ಸಲೀಸಾಗಿ ಹೇಳುವರು. ಯಾರ ತಪ್ಪು ಎಂದು ಕೇಳುತ್ತಿರಲಿಲ್ಲ. ಯಾರ ಸರದಿ ಎಂದು ಕೇಳುತ್ತಿದ್ದರು.

ಆ ಶನಿವಾರ ಸರದಿ ಕೆಳಗದ್ದೆಯಾಕೆಯದು, ಆಮೇಲಿನದು ನಮ್ಮದು. ಸೋಮವಾರ ನನಗೆ ಪರೀಕ್ಷೆ, ಅಂದೇ ನಾಲ್ಕೂವರೆಗೆ ಊರಿಗೆ ಬಸ್ಸು. ನಮ್ಮ ಕಬ್ಬು ಗಾಣಕ್ಕೆ ಬಿದ್ದದ್ದನ್ನು ಕಣ್ಣಲ್ಲಿ ನೋಡಿ ಬಾ ಎಂದು ಅಪ್ಪ ಕಳಿಸಿದ್ದರು. ಎರಡೂವರೆಗೆ ಆಕೆಯ ರಸ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಇನ್ನೂ ಏಳೆಂಟು ಕಟ್ಟು ಅರೆಯುವುದಿತ್ತು. ಅದನ್ನು ಆಮೇಲೆ ಅರೆದುಕೊಂಡರಾಗದೆ, ನನಗೆ ಬಸ್ಸಿದೆ, ಎಂದು ನಾನು ಕೇಳಿದೆ.

"ಆಕ್ಕೊಳಿ ಅಯ್ನೋರೆ," ಎಂದಳು ಆಕೆ. "ನನ್ ಕಬ್ಬು ಎಲ್ಗೂ ಓಡೋಗಾಕಿಲ್ಲ."

ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ನಲವತ್ತರ ಆಸುಪಾಸಿನ ಗಟ್ಟಿ ಆಳು, ಬಾಯಿ ಸುಮ್ಮನಿರದವನು. ನಮ್ಮದು ಹೊಸ ತಳಿ. ದಪ್ಪ ಕಬ್ಬು, ಗಡಸು ಸಿಪ್ಪೆ. ಅಪ್ಪ ಯಾರದೋ ಮಾತು ಕೇಳಿ ಹಾಕಿಸಿದ್ದರು. ಹತ್ತು ನಿಮಿಷ ಅರೆದಿರಬೇಕು, ರೋಲರುಗಳ ನಡುವೆ ಗಂಟಾಗಿ ಸಿಕ್ಕಿಕೊಂಡಿತು. ಬೆಲ್ಟು ಕಿರ್ರೆಂದಿತು. ಅಷ್ಟರಲ್ಲೇ ಕರೆಂಟೂ ಹೋಯಿತು.

"ಮೇಷ್ಟ್ರುದು ಇಂಗ್ಲೀಸ್ ಕಬ್ಬು ಕಣ್ರುಲಾ," ಎಂದು ಅವನು ಒಲೆಯ ಕಡೆಯವರಿಗೆ ಕೂಗಿ ಹೇಳಿದ. "ನಮ್ ಗಾಣುಕ್ಕೆ ಅರ್ತಾನೇ ಆಯ್ತಾ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ವಿದ್ಯುತ್ತಿಗೂ ಸರದಿಯಿದ್ದ ದಿನಗಳು ಅವು. ನಮ್ಮ ಕಡೆಗೆ ಮತ್ತೆ ಬರುವುದು ನಾಲ್ಕಕ್ಕೆ. ಅವನು ಮಡಿಲಿನಿಂದ ಬೀಡಿ ತೆಗೆದ.

"ಅಷ್ಟರೊಳಗೆ ಸಿಕ್ಕಿಕೊಂಡದ್ದನ್ನು ಬಿಡಿಸಿಬಿಟ್ಟರೆ, ಕರೆಂಟು ಬಂದ ತಕ್ಷಣ ಶುರು ಮಾಡಬಹುದಲ್ಲ," ಎಂದೆ.

"ಒಂದ್ ಬೀಡಿ ಸೇದ್ಕೊಬುಡ್ತೀನಿ ತಡೀರಿ ಸಾ."

"ಆಮೇಲೆ ಸೇದಿ."

ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದ.

ಈಗ ಸ್ಟಾರ್ಟರಿನ ವಿಷಯ ಹೇಳಬೇಕು. ಕರೆಂಟು ಹೋದರೆ ಮೋಟಾರು ತಾನೇ ಕಳಚಿಕೊಳ್ಳಬೇಕು, ಬಂದ ಮೇಲೆ ಯಾರಾದರೂ ಹಸಿರು ಗುಂಡಿ ಒತ್ತಿದರೆ ಮಾತ್ರ ತಿರುಗಬೇಕು. ಯಂತ್ರ ಮಾಡಿದವರ ಲೆಕ್ಕ ಅದು. ಆದರೆ ಆ ಕಡೆಯ ಪಂಪುಮನೆಗಳಲ್ಲಾಗಲಿ ಆಲೆಮನೆಗಳಲ್ಲಾಗಲಿ ಆ ಗುಂಡಿಗೆ ಒಂದು ಬಿದಿರಿನ ಚಕ್ಕೆ ಸಿಗಿಸಿ ಒತ್ತಿಯೇ ಇಡುತ್ತಿದ್ದರು. ಕರೆಂಟು ಬಂದದ್ದು ಗೊತ್ತಾಗಲಿ ಎಂದು. ಮೋಟಾರು ಗುಂಯ್ ಅಂದರೆ ಮೂರು ಹೊಲದಾಚೆ ಮಲಗಿದ್ದವನೂ ಎದ್ದು ಬರುವನು. ಚಕ್ಕೆಯಿಲ್ಲದ ಸ್ಟಾರ್ಟರನ್ನು ನಾನು ಆ ಕಾಲದಲ್ಲಿ ಎಲ್ಲೂ ನೋಡಲಿಲ್ಲ. ಆ ಬೆಳಿಗ್ಗೆ ಚಕ್ಕೆ ಸಿಗಿಸಿದ್ದು ಕಬ್ಬು ಕೊಡುತ್ತಿದ್ದ ಈ ಗಾಣದವನೇ. ನಾನು ನೋಡಿದ್ದೆ. ಕೆಳಗದ್ದೆಯಾಕೆ ನೋಡಿದ್ದಳು. ನೋಡಿಯೂ ನೋಡದ ಹಾಗಿರುವಷ್ಟು ರೂಢಿಯಾಗಿತ್ತು.

ಗಂಟು ಬಿಗಿದಿತ್ತು, ಇಪ್ಪತ್ತು ನಿಮಿಷ ಹೆಣಗಿ ಅವನು ಎರಡು ಕಬ್ಬು ಎಳೆದು ತೆಗೆದ. ಮೂರನೆಯದಕ್ಕೆ ಕೈ ಒಳಗೆ ಹಾಕಬೇಕಾಯಿತು. ನಾನು ಒಂದು ಮೊಳ ಈಚೆ ನಿಂತು ಅವನು ತೆಗೆದುಕೊಟ್ಟದ್ದನ್ನು ಈಸಿಕೊಳ್ಳುತ್ತಿದ್ದೆ. ನನ್ನ ಬಲಗೈಯೂ ಚಾಚಿತ್ತು. ಮೋಟಾರು ಗುಂಯ್ ಎಂದಿತು.

ಆಮೇಲಿನದು ಎಷ್ಟು ಕ್ಷಣ ಎಂದು ನಾನು ಬಹಳ ಲೆಕ್ಕ ಹಾಕಿದ್ದೇನೆ. ನಾಲ್ಕಿರಬಹುದು. ಅವನು ಕೂಗಲಿಲ್ಲ, "ಆ" ಎಂದು ಆಶ್ಚರ್ಯಪಟ್ಟವನ ಹಾಗೆ ಅಂದ. ಸ್ಟಾರ್ಟರು ನನ್ನ ಬೆನ್ನ ಹಿಂದೆ, ಆರು ಹೆಜ್ಜೆ ದೂರದಲ್ಲಿತ್ತು. ಕೆಂಪು ಗುಂಡಿ ಯಾವುದು, ಚಕ್ಕೆ ಎಲ್ಲಿದೆ ಎಲ್ಲ ಗೊತ್ತಿತ್ತು. ನಾನು ತಿರುಗಲಿಲ್ಲ. ಅವನ ಮೊಣಕೈಯನ್ನೇ ನೋಡುತ್ತ ನಿಂತಿದ್ದೆ. ಕೆಳಗದ್ದೆಯಾಕೆ ಒಲೆಯ ಕಡೆಯಿಂದ ಓಡಿ ಬಂದು, ಬೆಂಕಿ ಕೆದಕುವ ಉದ್ದನೆಯ ಗಳುವನ್ನು ಓಡುತ್ತಿದ್ದ ಬೆಲ್ಟಿನ ಅಡಿಗೆ ಕೊಟ್ಟು ಮೀಟಿದಳು. ಬೆಲ್ಟು ಚಕ್ರದಿಂದ ಹಾರಿ ನನ್ನ ಎಡಕಿವಿಯ ಪಕ್ಕದಲ್ಲಿ ಬೀಸಿಕೊಂಡು ಹೋಗಿ ಮಣ್ಣುಗೋಡೆಗೆ ಬಡಿಯಿತು. ಗಾಳಿ ತಗುಲಿತು ಅಷ್ಟೆ. ಗೋಡೆಯಲ್ಲಿ ಗೇಣುದ್ದ ಗೀರು ಬಿತ್ತು. ಗಾಣ ನಿಂತಿತು. ಮೋಟಾರು ಮಾತ್ರ ಬರಿದೇ ತಿರುಗುತ್ತಲೇ ಇತ್ತು. ನಾಲ್ಕು ಜನ ಸೇರಿ ದೊಡ್ಡ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಅವನ ಕೈ ಬಿಡಿಸಿದರು. ಬೆಲ್ಲ ಹೇರಲು ಬಂದಿದ್ದ ಲಾರಿಯಲ್ಲಿ ಅವನನ್ನು ಮಲಗಿಸಿಕೊಂಡು ಹೊರಟೆವು. ನಂಜನಗೂಡಿನಲ್ಲಿ ಕಟ್ಟು ಹಾಕಿ ಮೈಸೂರಿಗೆ ಕಳಿಸಿದರು. ಬಲಗೈಯನ್ನು ಮಣಿಕಟ್ಟಿಗಿಂತ ನಾಲ್ಕು ಬೆರಳಗಲ ಮೇಲೆ ಕತ್ತರಿಸಿ ತೆಗೆದರು. ಒಂದು ಕ್ಷಣ ತಡವಾಗಿದ್ದರೆ ಭುಜದ ತನಕ ಹೋಗುತ್ತಿತ್ತು, ಜೀವ ಉಳಿಯುತ್ತಿರಲಿಲ್ಲ, ಎಂದು ಡಾಕ್ಟರು ಹೇಳಿದರು.

ಸೋಮವಾರ ಪರೀಕ್ಷೆಗೆ ಕೂತೆ. ಪ್ರಶ್ನೆಪತ್ರಿಕೆಯಲ್ಲಿ ಕಾರಣದ ಸರಪಳಿಯ ಮೇಲೆ ಪ್ರಶ್ನೆಯಿತ್ತು: ಕೃತ್ಯಕ್ಕೂ ಹಾನಿಗೂ ನಡುವೆ ಬೇರೆ ಘಟನೆಗಳು ಬಂದರೆ ಹೊಣೆ ಎಲ್ಲಿಗೆ ನಿಲ್ಲುತ್ತದೆ? ಆರು ಪುಟ ಬರೆದೆ. ಆ ಪತ್ರಿಕೆಯಲ್ಲಿ ನನಗೆ ಬಂದಷ್ಟು ಅಂಕ ಬೇರೆ ಯಾವುದರಲ್ಲೂ ಬರಲಿಲ್ಲ.

ಗುರುವಾರ ಆಲೆಮನೆಯ ಮುಂದೆ ಊರವರು ಸೇರಿದರು. ಅಪ್ಪನ ಪರವಾಗಿ ನಾನು ಹೋದೆ. ಕೂತು ಕೇಳಿದವನು ಆಲೆಮನೆ ಯಾರದೋ ಆ ಯಜಮಾನನೇ; ಊರಿನ ಹಿರಿಯನೂ ಅವನೇ. ಎಂದಿನಂತೆ, ಸರದಿ ಯಾರದಾಗಿತ್ತು ಎಂದು ಕೇಳಿದ. ಕೆಳಗದ್ದೆಯಾಕೆಯದು ಎಂದರು ಜನ. ಆಕೆ ಹಿಂದೆ ಕೂತಿದ್ದಳು. ನನ್ನ ಕಡೆ ನೋಡದೆಯೇ ಹೇಳಿದಳು: "ನನ್ ಕಬ್ಬು ನಿಲ್ಸಿ ಅಯ್ನೋರ್ದು ಆಕಿದ್ರು. ಅಯ್ನೋರು ಅಲ್ಲೇ ಅವ್ರಲ್ಲ, ಕೇಳಿ."

ಯಜಮಾನ ನನ್ನನ್ನು ಕೇಳಿದ. ಆದರೆ ಅವನು ಕೇಳಿದ್ದು ಬೇರೆ. "ಮೇಷ್ಟ್ರೆ, ಕೊಪ್ಪರಿಗೇಲಿ ಯಾರ ರಸ ಇತ್ತು?"

"ಆಕೆಯದು," ಎಂದೆ.

"ಅಂಗಾರೆ ಮುಗೀತು. ಕೊಪ್ಪರಿಗೆ ಇಳಿಸೋಗಂಟ ರಸ ಯಾರ್ದೋ ಸರದಿ ಅವ್ರುದೆ. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇಯ."

ನಾನು ಹೇಳಿದ್ದು ನಿಜ. ಅವನು ಹೇಳಿದ ಕಟ್ಟಳೆಯೂ ನಿಜ, ಹಿಂದೆಯೂ ಕೇಳಿದ್ದೆ. ಆಕೆ ಗಾಣದವನ ಮನೆಗೆ ಕೈಯಾಗಬೇಕೆಂದು ತೀರ್ಮಾನವಾಯಿತು. ಅಷ್ಟಕ್ಕೇ ನಿಂತಿದ್ದರೆ ಆಕೆಯೂ ಎದ್ದು ಹೋಗುತ್ತಿದ್ದಳೇನೋ. ಒಬ್ಬ ಮುದುಕ ಗೊಣಗಿದ: ಗಂಡ ಹೋದ, ಈಗ ಗಾಣದಲ್ಲಿ ರಕ್ತ ಬಿತ್ತು, ಆಕೆಯ ಕಬ್ಬನ್ನು ಇನ್ನು ಗಾಣಕ್ಕೆ ಕೊಡಲು ಆಳುಗಳು ಹೆದರುತ್ತಾರೆ. ಆಳುಗಳು ತಲೆ ತಗ್ಗಿಸಿದರು, ಹೌದು ಎನ್ನುವ ಹಾಗೆ. ಆಕೆಯ ಇನ್ನೊಂದು ತುಂಡು ಗದ್ದೆಯಲ್ಲಿ ಕಬ್ಬು ಆಗಲೇ ಸೂಲಂಗಿ, ಅಂದರೆ ಹೂಗರಿ, ಬಿಟ್ಟು ನಿಂತಿತ್ತು. ಒಂದು ತಿಂಗಳಲ್ಲಿ ಅರೆಯದಿದ್ದರೆ ಬೆಂಡಾಗಿ ಒಲೆಗೆ ಉರಿಯಾಗುತ್ತಿತ್ತು. ಬೇರೆ ಆಲೆಮನೆ ಎರಡು ಹರದಾರಿ ದೂರ, ಅಲ್ಲಿ ಹೊರಗಿನವರಿಗೆ ಸರದಿಯಿಲ್ಲ. ಆಕೆಗೆ ಇನ್ನು ಉಳಿದಿದ್ದದ್ದು ಆ ಬೆಳೆಯೊಂದೇ.

"ಬೆಲ್ಟು ಮೀಟಿದ್ದು ನಾನು ಕಣ್ರಪ್ಪಾ," ಎಂದಳು. "ಅದ್ನ ಯಾರೂ ಏಳಾಕಿಲ್ವ?"

"ಮೀಟ್ದೆ ಕಣವ್ವ, ಯಾರಿಲ್ಲ ಅಂದರು? ಅದು ಬ್ಯಾರೆ, ಇದು ಬ್ಯಾರೆ," ಎಂದ ಯಜಮಾನ.

ನಾನು ಎದ್ದು ಬಂದೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಅವರ ನ್ಯಾಯ ಅವರದು. ಅವರಿಗೆ ಕಾರಣವೆಂದರೆ ಕೊಪ್ಪರಿಗೆ. ಓದಿದವನು ಎಂದು ಹೊರಗಿನಿಂದ ಹೋಗಿ ಅದನ್ನು ಅಳೆಯಲು ನನಗೇನು ಅಧಿಕಾರ? ಟೀ ಅಂಗಡಿಯಲ್ಲಿ ಅಷ್ಟು ದಿನ ಹೇಳಿದ ವಾದ ಅಂದು ನನಗೆ ಬಹಳ ಬೆಚ್ಚಗಿತ್ತು.

ಮುಂದಿನ ವಾರ ನರಸೀಪುರದ ಪ್ರವಾಸಿ ಮಂದಿರದಲ್ಲಿ ಅಪಘಾತದ ಸರ್ಕಾರಿ ತನಿಖೆ. ಬಂದಿದ್ದ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡುವ ಸೌಮ್ಯ ಮನುಷ್ಯ. ಕಿಟಕಿಯಾಚೆ ಹೊಳೆ ಕಾಣುತ್ತಿತ್ತು. "ಕಣ್ಣಾರೆ ಕಂಡದ್ದಷ್ಟೇ ಹೇಳಿ," ಎಂದರು. "ಗುಂಡಿಗೆ ಚಕ್ಕೆ ಸಿಗಿಸಿದ್ದು ಯಾರು?"

"ಅವನೇ."

"ಯಾರಾದರೂ ಹೇಳಿ ಮಾಡಿಸಿದ್ದೇ?"

"ಇಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಸಾರ್, ಅವನಿಗೆ ಕೈ ಹಾಕಿ ಬಿಡಿಸು ಅಂತ ಹೇಳಿದ್ದು..."

"ಅದು ಬೇಡ. ಯಂತ್ರಕ್ಕೆ ಸಂಬಂಧಪಟ್ಟದ್ದು ಮಾತ್ರ."

ಬೇಡ ಎಂದದ್ದು ಕೇಳಿ ನನಗೆ ಆದದ್ದು ನಿರಾಳ. ಮುಚ್ಚಿಡುವುದೇಕೆ. ಗಾಯಾಳುವಿನ ಸ್ವಂತ ಅಜಾಗರೂಕತೆ ಎಂದು ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ. ಊರಿನಲ್ಲಿ ಕಾರಣ ಕೆಳಗದ್ದೆಯಾಕೆ, ನರಸೀಪುರದಲ್ಲಿ ಕಾರಣ ಕೈ ಕಳೆದುಕೊಂಡವನು. ಎರಡೂ ಕಡೆ ಸಾಕ್ಷಿ ನಾನು, ಎರಡೂ ಕಡೆ ಸುಳ್ಳು ಹೇಳಿರಲಿಲ್ಲ.

ನಿದ್ದೆ ಹೋಯಿತು. ಮಲಗಿದರೆ ಒಂದು ಗಂಟೆ ಕಣ್ಣು ಹತ್ತುವುದು, ಆಮೇಲೆ ಕಿವಿಯ ಪಕ್ಕ ಬೆಲ್ಟು. ಎದ್ದು ಕೂತು ಸರಪಳಿ ಎಣಿಸುವೆ. ಕರೆಂಟು ನಾಲ್ಕಕ್ಕೇ ಬಂದಿದ್ದರೆ. ಚಕ್ಕೆ ಇಲ್ಲದಿದ್ದರೆ. ಅಪ್ಪ ಹಳೆಯ ತಳಿಯನ್ನೇ ಹಾಕಿಸಿದ್ದರೆ. ನನಗೆ ಪರೀಕ್ಷೆ ಇಲ್ಲದಿದ್ದರೆ. ಅವನು ಬೀಡಿ ಸೇದಿದ್ದರೆ. ಒಂದು ಬೀಡಿಗೆ ಎಷ್ಟು ಹೊತ್ತು ಬೇಕು ಎಂದು ಬೀಡಿ ಸೇದುವವರನ್ನು ನಿಲ್ಲಿಸಿ ಗಡಿಯಾರ ನೋಡುತ್ತಿದ್ದೆ. ಎಲ್ಲ ಕೊಂಡಿಗಳೂ ಸಮಾನವಾಗಿ ನಿಜ ಎಂದು ತರಗತಿಯಲ್ಲಿ ಸಾಧಿಸಿ ತೋರಿಸಬಲ್ಲೆ. ಆದರೂ ಮನಸ್ಸು ಎರಡೇ ಪದಗಳಿಗೆ ಹಿಂತಿರುಗುತ್ತಿತ್ತು, ಆಮೇಲೆ ಸೇದಿ. ಬೋರ್ಡಿನ ಮೇಲೆ ಬರೆಯುತ್ತ ಬರೆಯುತ್ತ ಬಲಗೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಳ್ಳುತ್ತಿದ್ದೆ.

ಸಂಜೆ ತರಗತಿಗೆ ನ್ಯಾಯದ ತತ್ತ್ವ ಹೇಳುತ್ತಿದ್ದವರು ಒಬ್ಬ ಹಿರಿಯ ವಕೀಲರು. ಒಂದು ದಿನ ಅವರ ಜೊತೆ ಟೀ ಕುಡಿಯುತ್ತ, ಉದಾಹರಣೆಯೆಂಬಂತೆ ಎಲ್ಲವನ್ನೂ ಹೇಳಿ, ಸರಪಳಿಯನ್ನು ಎಲ್ಲಿ ಕಡಿಯಬೇಕು ಎಂದು ಕೇಳಿದೆ.

"ಕಾರಣಗಳೇನೋ ಅಲ್ಲೇ ಬಿದ್ದಿರ್ತವೆ ಕಣಯ್ಯಾ, ಒಂದೂ ಸುಳ್ಳಲ್ಲ. ಎಲ್ಲಿ ಕಡೀಬೇಕು ಅನ್ನೋದು ಆಯಾ ಕಾನೂನಿನ ಅನುಕೂಲ. ಊರಿಗೊಂದು ಅನುಕೂಲ, ದೇಶಕ್ಕೊಂದು."

"ಹಾಗಾದರೆ ಎಲ್ಲಿ ಕಡಿದರೂ ಸರಿಯೇ ಸಾರ್?"

"ಹಾಗೆಂದು ನಾನೆಲ್ಲಿ ಅಂದೆ? ಕಡಿಯೋನು ನ್ಯಾಯಾಧೀಶ. ನೀನು ಯಾರು ಈ ಕಥೇಲಿ?"

"ಇದು ಉದಾಹರಣೆ, ಅಷ್ಟೇ."

"ಉದಾಹರಣೆಗಳಲ್ಲಿ ಕರೆಂಟು ಮೂರು ಹದಿನೇಳಕ್ಕೆ ಬರಲ್ಲ ಕಣಯ್ಯಾ."

ಆ ಭಾನುವಾರ ಗಾಣದವನ ಮನೆಗೆ ಹೋದೆ. ಆಸ್ಪತ್ರೆಯಿಂದ ಬಂದು ಐದಾರು ದಿನವಾಗಿತ್ತು. ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದ. ಹಿತ್ತಲಲ್ಲಿ ಕೆಳಗದ್ದೆಯಾಕೆ ಅವನ ಎಮ್ಮೆಗೆ ಹುಲ್ಲು ಕತ್ತರಿಸಿ ಹಾಕುತ್ತಿದ್ದಳು. ತೀರ್ಮಾನವಾದ ದಿನದಿಂದಲೂ ತನ್ನ ಕೆಲಸ ಬಿಟ್ಟು ಬರುತ್ತಿದ್ದಳು.

"ಬನ್ನಿ ಸಾ," ಎಂದ. "ನೋಡ್ರಿ, ಈ ಎಡಗೈ ಇಷ್ಟ್ ವರ್ಸ ನನ್ ಜೊತೇಲೆ ಇದ್ಕಂಡು ಒಂದ್ ಕೆಲ್ಸಾನೂ ಕಲ್ತಿಲ್ಲ. ಸೋಮಾರಿ ನನ್ಮಗಂದು."

ನಾನು ಯೋಚಿಸಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. "ಗಾಣದಲ್ಲಿದ್ದದ್ದು ನಮ್ಮ ಕಬ್ಬು," ಎಂದೆ. "ಕೈ ಹಾಕು ಅಂದವನೂ ನಾನೇ."

"ಗೊತ್ತು ಬುಡಿ. ನನ್ ಕೈಲಿದ್ದ ಕಬ್ಬು ನಂಗೆ ಗೊತ್ತಿಲ್ವ?"

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

ಅವನು ನಕ್ಕ. ಕುಹಕವಿರಲಿಲ್ಲ, ಅದೇ ಕಷ್ಟವಾಯಿತು. "ಏಳಿ ಏನ್ ಮಾಡ್ಲಿ ಸಾ? ನೀವು ಬಂದು ಸಗಣಿ ಬಾಚ್ತೀರಾ, ಗೊಬ್ರ ಒರ್ತೀರಾ? ನಮ್ ಎಮ್ಮೆ ನಿಮ್ಮ ಪಂಚೆ ಕಂಡ್ರೆ ಗೂಟ ಕಿತ್ಕೊಂಡು ಓಡೋಯ್ತದೆ. ಆ ಯವ್ವ ಆದ್ರೆ ಮಾಡ್ತಳೆ. ಅದ್ಕೇ ಸುಮ್ಕಿದ್ದೆ."

ಆಗ ನನಗೆ ತಿಳಿದದ್ದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅಲ್ಲಿ ಕಾರಣವೆಂದು ಕರೆಸಿಕೊಳ್ಳಲು ಮಾಡಿದವನಾಗಿದ್ದರೆ ಸಾಲದು, ಹೊರಬಲ್ಲವನಾಗಿರಬೇಕು. ನನ್ನಿಂದ ಆಗದೆಂದು ಇವನು ನನ್ನನ್ನು ಲೆಕ್ಕದಿಂದಲೇ ಬಿಟ್ಟಿದ್ದ. ಆಕೆಯಿಂದ ಆಗುತ್ತದೆಂದು ಎಲ್ಲರೂ ಆಕೆಯ ಮೇಲೆ ಹೊರಿಸಿದ್ದರು. ಕೊಪ್ಪರಿಗೆಯ ಕಟ್ಟಳೆ ಸುಳ್ಳಲ್ಲ, ಆದರೆ ಅಂದು ಅದು ಎಲ್ಲರಿಗೂ ಅನುಕೂಲವಾಗಿತ್ತು, ಎಲ್ಲರಿಗಿಂತ ಹೆಚ್ಚಾಗಿ ನನಗೆ.

ಕೆಳಗದ್ದೆಯಾಕೆ ಹುಲ್ಲಿನ ಕುಡುಗೋಲು ಹಿಡಿದೇ ಬಾಗಿಲಿಗೆ ಬಂದು ನಿಂತಿದ್ದಳು. "ಕೈಯಾಗಾದು ಏನ್ ಮಾ ಕೆಲ್ಸ ಅಲ್ಲ ಅಯ್ನೋರೆ, ಮಾಡ್ತೀನಿ. ನನ್ ಕಬ್ಬು ಒಣಗ್ತಾ ಅದೆ. ಗಾಣುಕ್ಕೆ ಬ್ಯಾಡ ಅಂದವ್ರೆ. ಅದೊಂದು ಏಳಿ. ನೀವು ಓದಿರಾದ್ರಲ್ಲಿ ಯಾವ್ದು ಸರಿಯೋ ಯಾವ್ದು ತಪ್ಪೋ ನಂಗ್ ಬ್ಯಾಡ. ನೀವ್ ಕಂಡಿದ್ದಷ್ಟು ಏಳಿ."

ಕಂಡದ್ದಷ್ಟೇ ಹೇಳಿ ಎಂದು ನರಸೀಪುರದಲ್ಲೂ ಕೇಳಿದ್ದರು. ಅಲ್ಲಿ ಆ ಮಾತು ನನ್ನನ್ನು ಬಿಡುಗಡೆ ಮಾಡಿತ್ತು.

ಅಪ್ಪನಿಗೆ ಹೇಳಿದೆ. ಅವರು ಕೆಂಡವಾದರು. "ಊರವರೇ ತೀರ್ಮಾನ ಮಾಡಿದ ಮೇಲೆ ನೀನು ಯಾಕೆ ಮೈಮೇಲೆ ಎಳ್ಕೊಳ್ತೀಯ? ಗದ್ದೆ ಹೋದದ್ದು ಸಾಲದೆ ಮಾನವೂ ಹೋಗಬೇಕೆ?" ನನ್ನಲ್ಲಿ ಉತ್ತರವಿತ್ತು, ಧೈರ್ಯ ಅಷ್ಟಿರಲಿಲ್ಲ. ಇದ್ದದ್ದನ್ನು ಮಾರನೆಯ ದಿನಕ್ಕೆ ಉಳಿಸಿಕೊಂಡೆ.

ಮಾರನೆಯ ದಿನ ರಜೆ ಹಾಕಿ ಆಲೆಮನೆಗೆ ಹೋದೆ. ಯಜಮಾನ ಒಲೆಯ ಮುಂದೆ ಕೂತಿದ್ದ, ಆಳುಗಳು ಸುತ್ತ ಇದ್ದರು. ಗಾಣ ನಿಲ್ಲಿಸಲು ಕೇಳಿಕೊಂಡೆ. ನಿಂತಿತು. ಅದರ ಪಕ್ಕ ಹೋಗದೆ ದೂರದಿಂದಲೇ ಹೇಳಿದೆ. ಎರಡೂವರೆಗೆ ನಾನು ಆಕೆಯ ಸರದಿ ತಡೆದದ್ದು, ಸಿಕ್ಕಿಕೊಂಡದ್ದು ನಮ್ಮ ಕಬ್ಬು, ಬೀಡಿ ಸೇದಲು ಕೂತವನನ್ನು ಎಬ್ಬಿಸಿದ್ದು, ಮೋಟಾರು ತಿರುಗಿದಾಗ ನಾನು ಅಲ್ಲಾಡದೆ ನಿಂತದ್ದು, ಆಕೆ ಓಡಿ ಬಂದದ್ದು.

ಯಜಮಾನ ಕಡ್ಡಿಯಿಂದ ಹಲ್ಲು ಕೆದಕುತ್ತ, "ಕೊಪ್ಪರಿಗೇಲಿ ಆಯಮ್ಮುಂದೇ ಇತ್ತಲ್ಲ ಮೇಷ್ಟ್ರೆ?" ಎಂದ.

"ಇತ್ತು. ಕೊಪ್ಪರಿಗೆ ಯಾರ ಕೈಯನ್ನೂ ಕಚ್ಚಲಿಲ್ಲ."

ಯಾರೋ ಕಿಸಕ್ಕೆಂದರು. ಪಾಕ ಕೈಯಾಡಿಸುತ್ತಿದ್ದವನು, "ಅಂಗಾರೆ ಮೇಷ್ಟ್ರು ಕೈಯಾಯ್ತಾರಾ? ಕುಕ್ಕೆ ಒರಾಕೆ ಬತ್ತದಾ?" ಎಂದ. ಇನ್ನೊಬ್ಬ, "ಸೀಮೆಸುಣ್ಣದ ಕುಕ್ಕೆ ಆದ್ರೆ ಒತ್ತಾರು ಕಣ್ಲಾ," ಎಂದ. ಈ ಸಲ ಎಲ್ಲರೂ ನಕ್ಕರು.

"ಶನಿವಾರ, ಭಾನುವಾರ, ರಜದ ದಿನಗಳೆಲ್ಲ ಬರುತ್ತೇನೆ," ಎಂದೆ. "ಅವನು ಸಾಕು ಅನ್ನುವ ತನಕ. ನಾನಿಲ್ಲದ ದಿನಕ್ಕೆ ನಮ್ಮ ಗದ್ದೆಯ ಆಳು."

ಯಜಮಾನ ಹಲ್ಲಿನ ಕಡ್ಡಿಯನ್ನು ಒಲೆಗೆ ಎಸೆದ. ಕೊನೆಗೆ, ಕೊಪ್ಪರಿಗೆಯ ಕಟ್ಟಳೆ ಬದಲಾಗುವುದಿಲ್ಲ, ಆದರೆ ಸರದಿ ತಡೆಯಿರೆಂದು ಕೇಳಿದವನು ಆ ಗಳಿಗೆಯಿಂದ ಸರದಿ ತೆಗೆದುಕೊಂಡ ಹಾಗೆ, ಎಂದ. ಇದೂ ತನ್ನ ಅಪ್ಪನ ಕಾಲದಿಂದ ಇದ್ದದ್ದೇ ಎಂದು ಸೇರಿಸಿದ. ಇರಲಿಲ್ಲ, ಆಗ ತಾನೇ ಹುಟ್ಟಿತು, ಎಂದು ನಾನು ನಂಬಿದ್ದೇನೆ. ಆಕೆಯ ಕಬ್ಬಿನ ಮಾತು ಬಂದಾಗ ಮಾತ್ರ ಅವನು ಆಳುಗಳ ಕಡೆ ನೋಡಿದ. ಅವರು ಒಲ್ಲರು. ಸರದಿ ಯಾರದಾದರೇನು, ರಕ್ತ ಬಿದ್ದದ್ದು ಆಕೆ ಬಂದ ದಿನ; ಆಕೆಯ ಕಬ್ಬಿನ ಮೊದಲ ಕಟ್ಟು ಕೊಡುವವನ ಗತಿಯೇನು? ನಾನೇ ಕೊಡುತ್ತೇನೆ ಎಂದು ಬಾಯಿಗೆ ಬಂತು. ಬಲಗೈ ಜೇಬಿನಿಂದ ಹೊರಬರಲಿಲ್ಲ.

ಹೀಗೆ ಅದು ಇನ್ನೂ ಎರಡು ವಾರ ಎಳೆಯಿತು. ನಾನು ಗಾಣದವನ ಮನೆಗೆ ಹೋಗತೊಡಗಿದೆ. ಎಮ್ಮೆ ಓಡಿಹೋಗಲಿಲ್ಲ, ಒದೆಯಿತು. ಗೊಬ್ಬರ ಹೊತ್ತು ಕುತ್ತಿಗೆ ಊದಿತು. ಅವನ ಹೆಂಡತಿ ಮೊದಮೊದಲು ನನ್ನ ಮುಂದೆ ಬರುತ್ತಿರಲಿಲ್ಲ. ಆಮೇಲೆ ನಾನು ಕಟ್ಟಿದ ಹುಲ್ಲಿನ ಹೊರೆ ಬಿಚ್ಚಿಹೋಗುವುದನ್ನು ನೋಡಲಾರದೆ ತಾನೇ ಬಂದು ಗಂಟು ಹಾಕುವುದು ತೋರಿಸಿದಳು. ನಿದ್ದೆ ಮಾತ್ರ ಬರಲಿಲ್ಲ. ಮೈ ಎಷ್ಟು ದಣಿದರೂ ಒಂದು ಗಂಟೆಯಾಗುತ್ತಲೇ ಕಿವಿಯ ಬಳಿ ಗಾಳಿ. ಒಪ್ಪಿಕೊಂಡರೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ, ಏಕೆಂದರೆ ಅಲ್ಲಿ ಆ ಕಬ್ಬು ಇನ್ನೂ ನಿಂತೇ ಇತ್ತು. ಬಂದಾಗಲೆಲ್ಲ ಅದರ ಅಂಚಿನಲ್ಲೇ ನಡೆದು ಬರಬೇಕಿತ್ತು. ಗರಿ ಹಳದಿಯಾಗುತ್ತಿತ್ತು.

ಮೂರನೆಯ ಶನಿವಾರ, ಗೊಬ್ಬರದ ಗುಂಡಿಯಲ್ಲಿ ನಾನಿದ್ದಾಗ, ಗಾಣದವನು ಜಗಲಿಯಿಂದ ಎದ್ದು, "ನಡೀರಿ ಸಾ, ಆಲೆಮನೆ ತಾವ್ಕೆ," ಎಂದ.

"ಯಾಕೆ?"

"ಎಣ್ಣುಮಗಳ ಕಬ್ಬು ಬೆಂಡಾದ್ರೆ ನಂಗೇನ್ ಬತ್ತದೆ? ಓದ ಕೈ ಬತ್ತದಾ? ಅವ್ಳು ಮೀಟ್ದಿದ್ರೆ ನಾನಿಲ್ಲಿ ಕುಂತು ಮುದ್ದೆ ತಿಂತಿದ್ನಾ?"

ಆಕೆಯ ಕಬ್ಬನ್ನು ಬೆಳಗ್ಗೆಯೇ ಕಡಿಸಿ ಗಾಡಿಗೆ ಹೇರಿಸಿದ್ದ. ನನಗೆ ಗೊತ್ತಿರಲಿಲ್ಲ. ಆಲೆಮನೆಯಲ್ಲಿ ಯಾರನ್ನೂ ಏನನ್ನೂ ಕೇಳದೆ ಗಾಣದ ಮುಂದೆ ತನ್ನ ಹಳೆಯ ಜಾಗದಲ್ಲಿ ಕೂತ. ಕಟ್ಟಿದ್ದ ತೋಳನ್ನು ತೊಡೆಯ ಮೇಲಿಟ್ಟುಕೊಂಡ. ಆಳುಗಳು ನೋಡುತ್ತ ನಿಂತರು. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕೆಳಗದ್ದೆಯಾಕೆ ಮೊದಲ ಕಬ್ಬು ತೆಗೆದುಕೊಟ್ಟಳು. ಅವನು ಎಡಗೈಯಲ್ಲಿ ಅದನ್ನು ರೋಲರಿಗೆ ಕೊಟ್ಟ. ಓರೆಯಾಗಿ ಹೋಯಿತು. ಎರಡನೆಯದು ನೆಟ್ಟಗೆ ಹೋಯಿತು. ನಾನು ಸ್ಟಾರ್ಟರಿನ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಕೆಂಪು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ. ಹತ್ತು ಕಟ್ಟು ಆದ ಮೇಲೆ ಒಬ್ಬ ಆಳು, "ಏಳಣ್ಣ, ಮ್ಯಾಲಕ್ಕೇಳು, ನಾ ಕೊಡ್ತೀನಿ," ಎಂದು ಬಂದು ಕೂತ. ಸಂಜೆಯವರೆಗೆ ಅರೆಯಿತು. ಕೊಪ್ಪರಿಗೆ ಇಳಿದಾಗ ಬೆಲ್ಲ ಸ್ವಲ್ಪ ಕಪ್ಪಗಿತ್ತು. ತಡವಾದ ಕಬ್ಬು. ಬೆಲ್ಲವಂತೂ ಆಯಿತು. ಆಕೆ ಒಂದು ಮುಷ್ಟಿ ಬಿಸಿ ಬೆಲ್ಲ ಕಬ್ಬಿನ ಗರಿಯಲ್ಲಿ ಸುತ್ತಿ ಎಲ್ಲರಿಗೂ ಕೊಟ್ಟಳು, ನನಗೂ ಕೊಟ್ಟಳು. ನನ್ನನ್ನು ಕ್ಷಮಿಸಿದ್ದಾಳೆ ಎಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಗೊತ್ತಿಲ್ಲ.

ಭಾನುವಾರವೂ ಕೆಲಸವಿದ್ದುದರಿಂದ ಆ ದಿನ ಗಾಣದವನ ಜಗಲಿಯ ಮೇಲೇ ಉಳಿದೆ. ಕತ್ತಲಾಗುತ್ತಲೇ ತಲೆ ಕೆಳಗಿಟ್ಟದ್ದು ನೆನಪಿದೆ.

ಎಚ್ಚರವಾದಾಗ ಬಿಸಿಲು ಮೊಣಕಾಲಿನ ಮೇಲೆ ಬಿದ್ದಿತ್ತು. ಕಣ್ಣು ತೆರೆದರೂ ಎಲ್ಲಿದ್ದೇನೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ನಡುವೆ ಒಮ್ಮೆಯೂ ಎದ್ದ ನೆನಪಿಲ್ಲ. ಅವನ ಹೆಂಡತಿ ಪೊರಕೆ ಹಿಡಿದು ಎದುರಿಗೆ ನಿಂತಿದ್ದಳು. ಜಗಲಿ ಗುಡಿಸಲು ಕಾದು ಕಾದು ಸಾಕಾಗಿತ್ತೋ ಏನೋ.

"ಸತ್ತೇ ಓದ್ರೇನೋ ಅಂದ್ಕಂಡೆ ಕಣ್ರೀ," ಎಂದಳು. "ಏಳಿ ಮ್ಯಾಲಕ್ಕೆ. ಒತ್ತು ಎಷ್ಟಾಯ್ತು ನೋಡಿ, ಸಗಣಿ ಅಂಗೇ ಬಿದ್ದದೆ."